ಕಿಟ್ಟೆಲ್ ಮಹಾಶಯರೂ ಹೊರನುಡಿಯ ಪದಗಳೂ

ಕನ್ನಡ ನಿಘಂಟು ಎಂದೊಡನೆ ಕಿಟ್ಟೆಲ್ ಅವರ ಹೆಸರು ನೆನಪಿಗೆ ಬರುವುದು ಸಹಜ. ನಮ್ಮ ಅಧ್ಯಾಪಕರು ಆ ಹೆಸರನ್ನು ಎತ್ತದೆ ಒಂದು ವರ್ಷವನ್ನೂ ಮುಗಿಸುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಾವೆಲ್ಲರೂ ೧೮೯೪ ಎಂಬ ಇಸವಿಯನ್ನು ಉರುಹೊಡೆಯುತ್ತೇವೆ. ಆದರೆ ಆ ಮಹಾಶಯರು ಎಲ್ಲಿ ಹುಟ್ಟಿದರು, ಹೇಗೆ ಬಾಳಿದರು ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಮೆ. ಅವರ ಜೀವನವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಾನು ಹೊರಟಿರುವುದಕ್ಕೆ ಅದೊಂದು ಕಾರಣ. ಇನ್ನೊಂದು ಕಾರಣವೂ ಉಂಟು. ಬೇರೆ ಭಾಷೆಯ ಪದ ನಮ್ಮ ಭಾಷೆಗೆ ಬಂದಾಗ ಅದರ ಧ್ವನಿ ಏಕೆ ಮಾರ್ಪಡುತ್ತದೆ, ಹಾಗೆ ಮಾರ್ಪಡುವುದು ತಪ್ಪೇ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿತ್ತು. ಅದಕ್ಕೆ ಉತ್ತರ ದೊರಕಿದ್ದು ಈ ಜರ್ಮನ್ ವಿದ್ವಾಂಸರ ಕೆಲಸವನ್ನು ನೋಡಿದ ಮೇಲೆ.

ಫರ್ಡಿನಾಂಡ್ ಕಿಟ್ಟೆಲ್ ಅವರು ೧೮೩೨ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಾಯುವ್ಯ ಮೂಲೆಯಲ್ಲಿ ಸಮುದ್ರದ ಅಂಚಿಗಿರುವ ಪೂರ್ವ ಫ್ರೀಸ್‌ಲೆಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಅಲ್ಲಿನ ಇಗರ್ಜಿಯ ಪಾದ್ರಿ. ಆ ಸೀಮೆಯ ಜನರ ಮನೆಮಾತು ಪುಸ್ತಕದ ಜರ್ಮನ್ ಅಲ್ಲ. ಕೆಳಜರ್ಮನ್ ಎಂದು ಕರೆಯುವ ಬೇರೊಂದು ನುಡಿ. ಮನೆಯ ಮಾತು ಒಂದು, ಶಾಲೆಯ ಮಾತು ಮತ್ತೊಂದು ಎಂಬ ಸ್ಥಿತಿಯನ್ನು ಆ ಬಾಲಕ ಸುತ್ತಮುತ್ತ ಕಂಡೇ ಬೆಳೆದಿರಬೇಕು ಎಂಬುದು ನನ್ನ ಊಹೆ. ಶಾಲೆಯಲ್ಲಿ ಅವರು ಲ್ಯಾಟಿನ್, ಗ್ರೀಕ್ ಮೊದಲಾದ ಪ್ರಾಚೀನ ಭಾಷೆಗಳನ್ನು ಕಲಿತರು. ಆಮೇಲೆ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿ, ೧೮೫೩ರಲ್ಲಿ ಭಾರತಕ್ಕೆ ಹಡಗು ಹತ್ತಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ನನಗಿಂತ ಒಂದೇ ವರ್ಷ ದೊಡ್ಡವರು.

ಕಾಕತಾಳೀಯವೆಂಬಂತೆ ಅವರು ಹುಟ್ಟಿದ ೧೮೩೨ರಲ್ಲಿಯೇ ವಿಲಿಯಂ ರೀವ್ ಎಂಬುವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ಅದನ್ನೇ ತಿದ್ದಿ ೧೮೫೮ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಹೊರತಂದರು. ಕಿಟ್ಟೆಲ್ ಅವರು ಕನ್ನಡ ಕಲಿಯುತ್ತಿದ್ದ ಕಾಲಕ್ಕೆ ನಿಘಂಟೇ ಇರಲಿಲ್ಲವೆಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಇತ್ತು, ಸಾಲದಾಗಿತ್ತು ಎಂದರೆ ಒಪ್ಪಬಹುದು.

ಕನ್ನಡನಾಡಿಗೆ ಬಂದ ಮೇಲೆ ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಹೀಗೆ ಅನೇಕ ಕಡೆ ಅವರ ವಾಸವಾಯಿತು. ಬಂದ ಮೊದಲ ವರ್ಷಗಳಲ್ಲೇ ಅವರ ಮನಸ್ಸು ಮತಪ್ರಚಾರಕ್ಕಿಂತ ಹೆಚ್ಚಾಗಿ ಭಾಷೆಯ ಕಡೆಗೆ ವಾಲಿತು. ಇದು ಮಿಷನ್ನಿನ ಹಿರಿಯರಲ್ಲಿ ಎಲ್ಲರಿಗೂ ಹಿಡಿಸಲಿಲ್ಲ. ೧೮೬೦ರಲ್ಲಿ ಪೌಲೀನಾ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಆಕೆಯ ತಂಗಿಯನ್ನು ವರಿಸಿದರು. ಈ ನಡುವೆ, ೧೮೬೨ರಲ್ಲಿ, ಏಸುವಿನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ ಹಾಡುವಂತೆ ಕಥಾಮಾಲೆ ಎಂಬ ಹೆಸರಿನಲ್ಲಿ ರಚಿಸಿದ್ದರು. ಪರದೇಶದವರೊಬ್ಬರು ಬಂದು ಒಂಬತ್ತು ವರ್ಷದೊಳಗೆ ಕನ್ನಡದಲ್ಲಿ ಪದ್ಯ ಕಟ್ಟಬೇಕಾದರೆ ಎಷ್ಟು ಶ್ರಮಪಟ್ಟಿರಬೇಕು! ನಾವು ಕನ್ನಡದಲ್ಲೇ ಹುಟ್ಟಿಯೂ ಒಂದು ಕಂದಪದ್ಯಕ್ಕೆ ಗಣ ಹಾಕಲು ಬೆವರುತ್ತೇವೆ.

ಮಡಿಕೇರಿಯ ಮಾತು ಬಂದಾಗ ಒಂದು ಸ್ವಾರಸ್ಯವನ್ನು ಹೇಳಬೇಕು. ಆ ಕಾಲದ ಇಂಗ್ಲಿಷ್ ಪತ್ರಿಕೆಗಳಲ್ಲಿ ಕಿಟ್ಟೆಲ್ ಅವರ ಲೇಖನಗಳ ಕೆಳಗೆ ಊರಿನ ಹೆಸರು ಮರ್ಕಾರ ಎಂದು ಅಚ್ಚಾಗಿದೆ. ಅವರು ಅದಕ್ಕೂ ಮೊದಲು ಇದ್ದ ಧಾರವಾಡವನ್ನು ಇಂಗ್ಲಿಷರು ಧಾರ್ವಾರ್ ಎಂದು ಬರೆಯುತ್ತಿದ್ದರು. ಎರಡು ಊರುಗಳು, ಎರಡರಲ್ಲೂ ನಮ್ಮ ಡಕಾರ ಅವರ ಬಾಯಲ್ಲಿ ರಕಾರವಾಗಿದೆ. ನಾಲಗೆಯ ತುದಿಯನ್ನು ಮೇಲಕ್ಕೆ ಮಡಿಸಿ ಆಡುವ ನಮ್ಮ ಡ ಅವರ ಭಾಷೆಯಲ್ಲಿಲ್ಲ. ಅವರ ಕಿವಿಗೆ ಅದಕ್ಕೆ ಹತ್ತಿರವಾಗಿ ಕೇಳಿಸಿದ್ದು ರ. ನಮ್ಮ ಮೈಸೂರು ಅವರಿಗೆ ಮೈಸೋರ್ ಆಯಿತು, ಬೆಂಗಳೂರು ಬ್ಯಾಂಗಲೋರ್ ಆಯಿತು. ೨೦೧೪ರ ನವೆಂಬರಿನಲ್ಲಿ ಸರ್ಕಾರವು ಇಂಗ್ಲಿಷಿನಲ್ಲೂ ಮೈಸೂರು ಎಂದೇ ಬರೆಯಬೇಕೆಂದು ವಿಧಿಸುವವರೆಗೆ ನಮ್ಮ ಊರಿನ ಹೆಸರು ಅವರ ಉಚ್ಚಾರಣೆಯಂತೆ ನಡೆಯಿತು. ಇಷ್ಟಾಗಿಯೂ ಇಂಗ್ಲಿಷರನ್ನು ಯಾರೂ ಅನಕ್ಷರಸ್ಥರೆಂದು ನಕ್ಕಿದ್ದನ್ನು ನಾನು ಕೇಳಿಲ್ಲ.

ಇನ್ನು ಅವರ ಮುಖ್ಯ ಕಾರ್ಯಕ್ಕೆ ಬರೋಣ. ೧೮೭೨ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕೇಶಿರಾಜನ ಶಬ್ದಮಣಿದರ್ಪಣವು ಕಿಟ್ಟೆಲ್ ಅವರ ಸಂಪಾದಕತ್ವದಲ್ಲಿ ಹೊರಬಿತ್ತು. ಬೆಂಗಳೂರಿನಲ್ಲಿ ೧೮೬೮ರಲ್ಲಿ ಗ್ಯಾರೆಟ್ ಎಂಬುವರ ಮುದ್ರಣವೊಂದು ಆಗಲೇ ಬಂದಿತ್ತಾದರೂ ಇದು ಬೇರೆ ಓಲೆಪ್ರತಿಗಳನ್ನು ಹೋಲಿಸಿ ಮಾಡಿದ ಕೆಲಸ. ಓಲೆಗರಿಯನ್ನು ಓದುವುದು ಸುಲಭವಲ್ಲ. ಹಳೆಯ ಪ್ರತಿಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿರುವುದಿಲ್ಲ. ಪದ ಪದದ ನಡುವೆ ಜಾಗವೂ ಇರುವುದಿಲ್ಲ. ನಮ್ಮ ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ ಗರಿಗಳನ್ನು ಕಂಡವರಿಗೆ ನಾನು ಹೇಳುವುದು ತಿಳಿದೀತು. ಪಂಡಿತರ ನೆರವಿನಿಂದ ಕಿಟ್ಟೆಲ್ ಅವರು ಅದನ್ನು ಸಾಧಿಸಿದರು.

ಕೇಶಿರಾಜ ಸುಮಾರು ಕ್ರಿ.ಶ. ೧೨೬೦ರಲ್ಲಿದ್ದವನು. ತಂದೆ ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನ, ಸೋದರಮಾವ ಜನ್ನ ಕವಿ. ಅವನ ವ್ಯಾಕರಣದ ಎಂಟು ಪ್ರಕರಣಗಳಲ್ಲಿ ಒಂದರ ಹೆಸರು ಅಪಭ್ರಂಶ ಪ್ರಕರಣ. ಅಪಭ್ರಂಶವೆಂದರೆ ಜಾರಿಬಿದ್ದದ್ದು, ಕೆಟ್ಟದ್ದು ಎಂದು ಅರ್ಥ. ಹೆಸರೇನೋ ಹಾಗಿದೆ. ಒಳಗೆ ಹೋಗಿ ನೋಡಿದರೆ ಕೆಟ್ಟದ್ದೆಂಬ ಮಾತೇ ಇಲ್ಲ. ಸಂಸ್ಕೃತದ ಪದಗಳು ಕನ್ನಡಕ್ಕೆ ಬರುವಾಗ ಯಾವ ಅಕ್ಷರ ಯಾವ ಅಕ್ಷರವಾಗುತ್ತದೆ ಎಂಬುದಕ್ಕೆ ಸೂತ್ರದ ಮೇಲೆ ಸೂತ್ರ, ಉದಾಹರಣೆಯ ಮೇಲೆ ಉದಾಹರಣೆ. ಶಕಾರ ಷಕಾರಗಳು ಸಕಾರವಾಗುತ್ತವೆ. ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಯಕಾರ ಜಕಾರವಾಗುತ್ತದೆ, ವಕಾರ ಬಕಾರವಾಗುತ್ತದೆ. ಯಾತ್ರೆ ಜಾತ್ರೆಯಾದದ್ದು, ವಸತಿ ಬಸದಿಯಾದದ್ದು, ಆಕಾಶ ಆಗಸವಾದದ್ದು, ಸಂಧ್ಯೆ ಸಂಜೆಯಾದದ್ದು ಹೀಗೆ. ಪದ್ಯ ಬರೆಯುವ ಕವಿಗಳು ಈ ತದ್ಭವಗಳನ್ನು ಎಷ್ಟು ಪ್ರೀತಿಯಿಂದ ಬಳಸಿದ್ದಾರೆಂಬುದನ್ನು ನಾವೆಲ್ಲರೂ ಬಲ್ಲೆವು. ಸಿರಿ ಎಂಬ ಪದವನ್ನು ಕೇಳಿ ಶ್ರೀ ಎನ್ನಲು ಬಾರದವರ ಮಾತು ಎಂದು ಯಾರಾದರೂ ಮೂಗು ಮುರಿಯುವುದುಂಟೆ?

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಂದೆಯವರು ವೀಳ್ಯದೆಲೆಯ ಪಿಂಡಿಗಳನ್ನು ಹೊತ್ತು ವಾರಕ್ಕೆರಡು ಬಾರಿ ದೇವರಾಜ ಮಾರುಕಟ್ಟೆಗೆ ಬರುತ್ತಾರೆ. ಅವರು ಇಸ್ಕೂಲು ಎನ್ನುತ್ತಾರೆ, ಟೇಸನ್ನು ಎನ್ನುತ್ತಾರೆ, ಆಪೀಸು, ಗಲಾಸು, ಸಿಲೇಟು ಎನ್ನುತ್ತಾರೆ. ನಾನು ಮೊದಲ ವರ್ಷದಲ್ಲಿದ್ದಾಗ ಅವರು ನನ್ನ ವಿದ್ಯಾರ್ಥಿವೇತನದ ವಿಷಯ ವಿಚಾರಿಸಲು ಒಂದು ಕಚೇರಿಗೆ ಹೋಗಿದ್ದರು. ಇಸ್ಕಾಲರ್‌ಶಿಪ್ಪು ಎಂದು ಅವರು ಬಾಯಿಬಿಟ್ಟೊಡನೆ ಅಲ್ಲಿದ್ದವರು ಗೊಳ್ಳೆಂದು ನಕ್ಕರು. ಒಬ್ಬರಂತೂ ಅದನ್ನು ಇನ್ನೊಮ್ಮೆ ಹೇಳಿಸಿದರು. ತಂದೆಯವರು ಮರಳಿ ಬಂದು ಏನೂ ಹೇಳಲಿಲ್ಲ. ಅಂದಿನಿಂದ ಆ ಪದವನ್ನು ಆಡುವುದನ್ನು ಬಿಟ್ಟಿದ್ದಾರೆ. ಸರ್ಕಾರದ ದುಡ್ಡು ಎನ್ನುತ್ತಾರೆ.

ಕೇಶಿರಾಜನ ಪ್ರಕರಣವನ್ನು ತರಗತಿಯಲ್ಲಿ ಓದುತ್ತಿದ್ದಾಗ ನನಗೆ ಹೊಳೆದದ್ದು ಇದು: ಕನ್ನಡದ ಅಚ್ಚ ಪದಗಳು ಒತ್ತಕ್ಷರದಿಂದ ಆರಂಭವಾಗುವುದಿಲ್ಲ. ಆದುದರಿಂದ ಹಾಗೆ ಆರಂಭವಾಗುವ ಪದ ಹೊರಗಿನಿಂದ ಬಂದರೆ ಬಾಯಿ ಏನಾದರೊಂದು ದಾರಿ ಹುಡುಕುತ್ತದೆ. ಮೊದಲ ಸಕಾರವನ್ನು ಬಿಟ್ಟುಬಿಡುವುದು ಒಂದು ದಾರಿ. ಸ್ನೇಹ ನೇಹವಾಯಿತು, ಸ್ಥಾನ ತಾಣವಾಯಿತು, ಸ್ಟೇಷನ್ ಟೇಸನ್ನಾಯಿತು. ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನು ಸೇರಿಸುವುದು ಮತ್ತೊಂದು ದಾರಿ. ಶ್ರೀ ಸಿರಿಯಾಯಿತು, ಸ್ಲೇಟು ಸಿಲೇಟಾಯಿತು. ಮುಂದೆ ಒಂದು ಇಕಾರವನ್ನು ಇಟ್ಟುಕೊಳ್ಳುವುದು ಮೂರನೆಯದು, ಅದೇ ಇಸ್ಕೂಲು. ಟೇಸನ್ನಿನಲ್ಲಿ ಷಕಾರ ಸಕಾರವಾದದ್ದನ್ನೂ ಗಮನಿಸಬೇಕು. ಕೇಶಿರಾಜನ ಸೂತ್ರವನ್ನು ನಮ್ಮ ತಂದೆಯವರು ಓದಿಲ್ಲ. ಓದದೆಯೇ ಏಳುನೂರೈವತ್ತು ವರ್ಷಗಳ ಮೇಲೆ ಅದನ್ನು ಪಾಲಿಸುತ್ತಿದ್ದಾರೆ.

ಓದಿದ ನಾವಾದರೂ ಈ ನಿಯಮಕ್ಕೆ ಹೊರತೆ? ಹಳಗನ್ನಡದಲ್ಲಿ ಕಣ್, ಕಲ್, ಕಾಲ್, ಬಾನ್ ಎಂಬ ವ್ಯಂಜನಾಂತ ಪದಗಳಿದ್ದುವು. ಹೊಸಗನ್ನಡಕ್ಕೆ ಬರುವಷ್ಟರಲ್ಲಿ ಅವು ಉಕಾರವನ್ನು ತಾಳಿದುವು. ಆದರೆ ಕಣ್ಣು, ಕಲ್ಲು ಎಂಬಲ್ಲಿ ವ್ಯಂಜನ ಇಮ್ಮಡಿಸಿತು. ಕಾಲು, ಬಾನು ಎಂಬಲ್ಲಿ ಇಮ್ಮಡಿಸಲಿಲ್ಲ. ಹಿಂದಿನ ಸ್ವರ ಹ್ರಸ್ವವಾದರೆ ದ್ವಿತ್ವ, ದೀರ್ಘವಾದರೆ ಇಲ್ಲ. ಈಗ ನಮ್ಮ ಕಾಲೇಜಿನ ಹುಡುಗರ ಮಾತನ್ನು ಕೇಳಿ: ಪೆನ್ನು, ಬಸ್ಸು, ಸಿಮ್ಮು, ನೆಟ್ಟು, ಆದರೆ ಕಾರು, ಬೂಟು, ರೈಲು, ಫೋನು. ಫೋನ್ನು ಎಂದು ಒಬ್ಬರೂ ಹೇಳುವುದಿಲ್ಲ, ಪೆನು ಎಂದೂ ಹೇಳುವುದಿಲ್ಲ. ಡಾಕ್ಟರು ಎಂಬುದು ಹೆಸರು ಎಂಬ ಪದದ ಹಾದಿಯನ್ನೇ ಹಿಡಿದಿದೆ. ಮೊನ್ನೆ ಮೊನ್ನೆ ಬಂದ ಸಿಮ್ಮಿಗೆ ಈ ಪಾಠವನ್ನು ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ಇಂಗ್ಲಿಷನ್ನು ನೀಟಾಗಿ ಆಡುತ್ತೇವೆಂದು ಹೆಮ್ಮೆಪಡುವ ಮಿತ್ರರೂ ಬಸ್ಸಿನಲ್ಲಿ ಎನ್ನುವಾಗ ಎರಡು ಸಕಾರವನ್ನು ಹಾಕದೆ ಬಿಡರು.

ಇದು ಕನ್ನಡಕ್ಕೆ ಮಾತ್ರ ಸೇರಿದ ಗುಣವೆಂದೂ ತಿಳಿಯಬಾರದು. ಭಾಷಾಶಾಸ್ತ್ರದ ಪಾಠದಲ್ಲಿ ಜಪಾನೀಯರ ವಿಷಯವನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ಅವರ ಭಾಷೆಯಲ್ಲಿ ಒಂದು ಅನುಸ್ವಾರದಂಥ ಧ್ವನಿಯ ಹೊರತು ಪದದ ಕೊನೆಯಲ್ಲಿ ವ್ಯಂಜನ ನಿಲ್ಲುವುದಿಲ್ಲ. ಒತ್ತಕ್ಷರದಿಂದ ಪದ ಆರಂಭವಾಗುವುದೂ ಇಲ್ಲ. ಲಕಾರವಂತೂ ಇಲ್ಲವೇ ಇಲ್ಲ, ಅದರ ಬದಲಿಗೆ ರಕಾರ. ಹೀಗಾಗಿ ಮಿಲ್ಕ್ ಎಂಬುದು ಅವರಲ್ಲಿ ಮಿರುಕು, ಸ್ಟ್ರೈಕ್ ಎಂಬುದು ಸುತೊರೈಕು. ಡಚ್ಚರಿಂದ ಪಡೆದ ಗ್ಲಾಸ್ ಎಂಬ ಪದ ಗರಸು ಆಗಿದೆ. ನಮ್ಮ ಹಳ್ಳಿಯ ಗಲಾಸಿಗೂ ಅದಕ್ಕೂ ಎಷ್ಟು ದೂರ? ಬೆಡ್ ಎಂಬುದನ್ನು ಅವರು ಬೆದ್ದೊ ಎನ್ನುತ್ತಾರೆ, ಕಪ್ ಎಂಬುದನ್ನು ಕಪ್ಪು ಎಂದೇ ಎನ್ನುತ್ತಾರೆ. ಹ್ರಸ್ವದ ಮುಂದೆ ಇಮ್ಮಡಿಸುವ ಗುಣ ಅಲ್ಲಿಯೂ ಕಾಣುತ್ತದೆ. ಅಲ್ಲಿ ಈ ಮಾತುಗಳಿಗಾಗಿ ಕತಕನ ಎಂಬ ಬೇರೆಯ ಲಿಪಿಯನ್ನೇ ಬಳಸುತ್ತಾರೆ. ಪಂಡಿತ ಪಾಮರರೆಲ್ಲರೂ ಮಿರುಕು ಎಂದೇ ಬರೆಯುತ್ತಾರೆ, ಮಿರುಕು ಎಂದೇ ಆಡುತ್ತಾರೆ. ನಗುವವರಿಲ್ಲ.

ಕಿಟ್ಟೆಲ್ ಅವರ ಕಥೆಗೆ ಮರಳುತ್ತೇನೆ. ಶಬ್ದಮಣಿದರ್ಪಣ ಹೊರಬಂದ ವರ್ಷವೇ ಅವರು ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಸಂಸ್ಕೃತ ನಿಘಂಟುಗಳಲ್ಲಿ ಸೇರಿಹೋಗಿರುವ ದ್ರಾವಿಡ ಪದಗಳು ಅದರ ವಿಷಯ. ಸಂಸ್ಕೃತದಿಂದ ನಾವು ಪಡೆದ ಸಾಲವನ್ನೇ ಎಲ್ಲರೂ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ನಾವು ಕೊಟ್ಟ ಸಾಲದ ಲೆಕ್ಕವನ್ನು ಅವರು ತೆಗೆದರು. ಮುಂದೆ ತಮ್ಮ ನಿಘಂಟಿನ ಪೀಠಿಕೆಯಲ್ಲಿ ಅಂಥ ಸುಮಾರು ೪೨೦ ಪದಗಳ ಪಟ್ಟಿಯನ್ನೇ ಕೊಟ್ಟರು. ಆ ಪಟ್ಟಿಯ ಎಲ್ಲ ಪದಗಳನ್ನೂ ಈಚಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ನೀರ, ಮೀನ ಮೊದಲಾದ ಸಂಸ್ಕೃತ ಪದಗಳ ಮೂಲ ದ್ರಾವಿಡವೆಂಬುದು ಇಂದು ಬಹುಮಟ್ಟಿಗೆ ಸಮ್ಮತವಾಗಿದೆ. ಇಲ್ಲಿಯೂ ನೋಡಿ: ನೀರ್ ಎಂಬುದಕ್ಕೆ ಸಂಸ್ಕೃತವು ತನ್ನ ಅಕಾರವನ್ನು ಅಂಟಿಸಿ ನೀರ ಮಾಡಿಕೊಂಡಿತು, ಮೀನ್ ಎಂಬುದನ್ನು ಮೀನ ಮಾಡಿಕೊಂಡಿತು. ನಾವು ಬಸ್ಸಿಗೆ ಉಕಾರವನ್ನು ಅಂಟಿಸುತ್ತೇವೆ. ದೇವಭಾಷೆ ಮಾಡಿದ್ದನ್ನೇ ನಮ್ಮ ಬಸ್ ನಿಲ್ದಾಣದ ಹುಡುಗ ಮಾಡುತ್ತಿದ್ದಾನೆ.

೧೮೭೫ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿದರು. ಅದರೊಡನೆ ಕನ್ನಡ ಸಾಹಿತ್ಯವನ್ನು ಕುರಿತು ಒಂದು ಪ್ರಬಂಧವೂ ಇದೆ. ಈ ವೇಳೆಗೆ ನಿಘಂಟಿನ ಕೆಲಸ ಅವರ ತಲೆಯ ಮೇಲೆ ಕುಳಿತಿತ್ತು. ೧೮೭೭ರಲ್ಲಿ ಜರ್ಮನಿಗೆ ಹಿಂತಿರುಗಿದರು. ಅಲ್ಲಿಯೇ ಕುಳಿತು ಮುಗಿಸಬಹುದಾಗಿತ್ತೇನೋ. ಆದರೆ ಪುಸ್ತಕದಲ್ಲಿಲ್ಲದ ಪದಗಳಿಗೆ ಕನ್ನಡ ಆಡುವ ಜನರೇ ಬೇಕಲ್ಲವೆ? ೧೮೮೩ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಸಂಸಾರವನ್ನು ಅಲ್ಲೇ ಬಿಟ್ಟು ಮತ್ತೆ ಭಾರತಕ್ಕೆ ಬಂದರು. ಒಂಬತ್ತು ವರ್ಷ ದುಡಿದು ೧೮೯೨ರಲ್ಲಿ ಕಡೆಯ ಬಾರಿ ತಾಯ್ನಾಡಿಗೆ ಹೊರಟರು. ೧೮೯೪ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಗಿ ಹೊರಬಂದಿತು. ಪುಟಗಳು ೧,೭೦೦ಕ್ಕೂ ಹೆಚ್ಚು, ಪದಗಳು ಸುಮಾರು ೭೦,೦೦೦. ಯಂತ್ರದ ಸಹಾಯವಿಲ್ಲದೆ, ಚೀಟಿ ಬರೆದು, ಚೀಟಿ ಜೋಡಿಸಿ, ಕರಡು ತಿದ್ದಿ ಮಾಡಿದ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಕೆಲಸವಿದು.

ಈ ನಿಘಂಟನ್ನು ಹೊಗಳುವವರು ಪುಟಗಳ ಸಂಖ್ಯೆಯನ್ನೇ ಹೇಳುತ್ತಾರೆ. ನನ್ನ ಮನಸ್ಸನ್ನು ಸೆಳೆದದ್ದು ಬೇರೆ. ಕಿಟ್ಟೆಲ್ ಅವರು ಪಂಪ, ಕೇಶಿರಾಜರ ಪದಗಳನ್ನು ಸೇರಿಸಿದಂತೆಯೇ ಸಂತೆಯ ಪದಗಳನ್ನೂ ಗಾದೆಯ ಪದಗಳನ್ನೂ ಸೇರಿಸಿದರು. ಯಾವ ಪದ ಯಾವ ಸೀಮೆಯಲ್ಲಿ ಬಳಕೆಯಲ್ಲಿದೆ ಎಂಬುದಕ್ಕೆ ಗುರುತು ಹಾಕಿದರು. ಮೈಸೂರಿನ ಮಾತಿಗೂ ಅಲ್ಲಿ ಒಂದು ಗುರುತುಂಟು. ತದ್ಭವ ಬಂದಾಗ ಅದು ತದ್ಭವವೆಂದು ಹೇಳಿ ಮೂಲವನ್ನು ಪಕ್ಕದಲ್ಲಿ ಕೊಟ್ಟರು. ಹಿಂದೂಸ್ಥಾನಿಯಿಂದ, ಮರಾಠಿಯಿಂದ, ಪೋರ್ಚುಗೀಸಿನಿಂದ, ಇಂಗ್ಲಿಷಿನಿಂದ ಬಂದ ಪದಗಳಿಗೂ ಜಾಗ ಕೊಟ್ಟು, ಬಂದ ಊರನ್ನು ತಿಳಿಸಿದರು. ಶುದ್ಧ ಕನ್ನಡವೆಂದು ಇವುಗಳನ್ನು ಜರಡಿ ಹಿಡಿದು ಎಸೆಯಬಹುದಾಗಿತ್ತು. ಪರಕೀಯರಾದ್ದರಿಂದ ಮೂಲದ ಉಚ್ಚಾರಣೆಯೇ ಸರಿ, ಕನ್ನಡಿಗರದು ತಪ್ಪು ಎಂದು ತೀರ್ಪು ಕೊಡಬಹುದಾಗಿತ್ತು. ಎರಡನ್ನೂ ಮಾಡಲಿಲ್ಲ. ಕನ್ನಡಿಗರು ಹೇಗೆ ಆಡುತ್ತಾರೋ ಅದನ್ನೇ ತಲೆಪದವಾಗಿ ಹಾಕಿ, ಮೂಲವನ್ನು ಆಮೇಲೆ ಹೇಳಿದರು. ಅತಿಥಿ ಮನೆಯೊಳಗೆ ಬಂದ ಮೇಲೆ ಮನೆಯ ಬಟ್ಟೆಯನ್ನು ಉಟ್ಟುಕೊಂಡ ಹಾಗೆ.

ನಮ್ಮ ರೈತರೂ ಗುಮಾಸ್ತರೂ ದಿನವೂ ಆಡುವ ಪದಗಳಲ್ಲಿ ಹೀಗೆ ಬಟ್ಟೆ ಬದಲಿಸಿದವು ಎಷ್ಟೋ. ಜಮೀನ್ ಜಮೀನಾಗಿ ಉಕಾರದ ಬಾಲ ಹಚ್ಚಿಕೊಂಡು ಜಮೀನು ಆಯಿತು. ಬಾಜಾರ್ ಬಜಾರು, ತಾರೀಖ್ ತಾರೀಖು. ಖಜಾನಾ ಎಂಬುದು ಖಜಾನೆಯಾಯಿತು. ಗಂಗಾ ಗಂಗೆಯಾದಂತೆ, ಮಾಲಾ ಮಾಲೆಯಾದಂತೆ. ಪಾರಸಿಯ ಪದಕ್ಕೆ ಒಂದು ನ್ಯಾಯ, ಸಂಸ್ಕೃತದ ಪದಕ್ಕೆ ಒಂದು ನ್ಯಾಯ ಎಂದು ಕನ್ನಡ ಎಣಿಸಲಿಲ್ಲ. ಕರಾವಳಿಯಲ್ಲಿ ಇಳಿದ ಪೋರ್ಚುಗೀಸರಿಂದ ಪಾದ್ರಿ, ಚಾವಿ, ಬಟಾಟೆ, ಲಿಲಾವು ಬಂದುವು. ಕೊನೆಯ ಪದದ ಮೂಲರೂಪದಲ್ಲಿ ಮೂಗಿನಿಂದ ಹೊರಡುವ ಸ್ವರವೊಂದಿತ್ತು; ನಮ್ಮಲ್ಲಿ ಅಂಥದಿಲ್ಲವಾದ್ದರಿಂದ ವು ಎಂದು ಮುಗಿಸಿಕೊಂಡೆವು. ಆಲೂರು ಬೇಲೂರು ಸುತ್ತಿದರೂ ಈಗ ಇವು ಹೊರಗಿನವು ಎಂದು ಹೇಳುವವರು ಸಿಕ್ಕುವುದು ಕಷ್ಟ.

ಕಿಟ್ಟೆಲ್ ಎಂಬ ಹೆಸರಿಗೂ ಈ ಗತಿ ತಪ್ಪಲಿಲ್ಲ ಎಂಬುದು ತಮಾಷೆಯ ಸಂಗತಿ. ಕೆಲವರು ಕಿಟ್ಟಲ್ ಎನ್ನುತ್ತಾರೆ, ಕೆಲವರು ಕಿಟ್ಟೆಲ್ ಎನ್ನುತ್ತಾರೆ. ವಿಭಕ್ತಿ ಹತ್ತಿಸುವಾಗ ಕಿಟ್ಟೆಲ್ಲರು, ಕಿಟ್ಟೆಲ್ಲರಿಂದ ಎಂದು ಲಕಾರ ತಾನಾಗಿ ಇಮ್ಮಡಿಸುತ್ತದೆ. ಕಣ್ಣಿನಂತೆ, ಕಲ್ಲಿನಂತೆ, ಸಿಮ್ಮಿನಂತೆ.

ಜರ್ಮನಿಗೆ ಮರಳಿದ ಮೇಲೆ ಅವರು ಟ್ಯೂಬಿಂಗೆನ್ ನಗರದಲ್ಲಿ ನೆಲೆಸಿದರು. ೧೮೯೬ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಅಲ್ಲಿಗೆ ವಿಶ್ರಾಂತಿ ತೆಗೆದುಕೊಳ್ಳಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಂದೆಡೆ ಇಟ್ಟು ತೋರಿಸುವ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಕೇಶಿರಾಜನೇ ಅದರ ಬೆನ್ನೆಲುಬು. ಅದು ೧೯೦೩ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಟ್ಯೂಬಿಂಗೆನ್ನಿನಲ್ಲಿಯೇ ತೀರಿಕೊಂಡರು.

ಅವರ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯದ ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಹೊಸ ಪದಗಳನ್ನು ಸೇರಿಸಿ, ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ನಮ್ಮ ಗ್ರಂಥಾಲಯದ ಒಳಕೋಣೆಯಲ್ಲಿ ಆ ಸಂಪುಟಗಳಿವೆ. ಮನೆಗೆ ಕೊಡುವುದಿಲ್ಲ, ಅಲ್ಲಿಯೇ ಕುಳಿತು ನೋಡಬೇಕು. ಮೂರನೆಯದರ ಹೊಲಿಗೆ ಬಿಚ್ಚಿದೆ, ಪುಟ ತಿರುವುವಾಗ ಸ್ವಲ್ಪ ಎಚ್ಚರವಿರಲಿ.